ಕೋಲಾರದ ಟೊಮೆಟೊ ದರದಿಂದ ಗಿಟ್‌ಹಬ್‌ವರೆಗೆ: ಆನ್‌ಲೈನ್ ಕಲಿಕೆಗೊಂದು ಟಿಪ್ಪಣಿ

ಇಂಜಿನಿಯರಿಂಗ್ ಓದುತ್ತಿರುವವರಿಗೂ, ದಿನಾ ಕೋಲಾರದಿಂದ ಬೆಂಗಳೂರಿಗೆ ಓಡಾಡುತ್ತಾ ಕೆಲಸ ಮಾಡುವ ಹೊಸಬರಿಗೂ, ಆನ್‌ಲೈನ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಈ ಟಿಪ್ಪಣಿ. ಒಂದು ಕೋರ್ಸ್, ಅಭ್ಯಾಸಕ್ಕೊಂದು ತಾಣ, ಸ್ವಂತದ್ದೊಂದು ಪ್ರಾಜೆಕ್ಟ್. ಆರು ತಿಂಗಳಿಗೆ ಇಷ್ಟು ಸಾಕು.

ಕೋರ್ಸ್‌ಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಆರಂಭಿಕ ಕೋರ್ಸ್ ಸಿಎಸ್50 ಹಿಡಿಯಿರಿ. ಉಚಿತ. ಮೊದಲು ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್, ಆಮೇಲೆ 1ರಿಂದ 5ನೇ ವಾರದವರೆಗೆ ಸಿ, 6ರಲ್ಲಿ ಪೈಥಾನ್, 7ರಲ್ಲಿ ಡೇಟಾಬೇಸ್‌ನ ಭಾಷೆ ಎಸ್‌ಕ್ಯೂಎಲ್. ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಅಂದರೆ ತಲೆ ಕೆಡುವವರು ಮೆಮೊರಿಯ 4ನೇ ವಾರವನ್ನು ಎರಡು ಸಲ ನೋಡಿ; ಕಾಲೇಜಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ಗೂ ಅದೇ ಆಗುತ್ತದೆ. ಬಸ್ಸಿನಲ್ಲಿ ನೋಡುವುದಾದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಡೇಟಾ ಉಳಿಸೋಣವೆಂದು 240ಪಿ ಇಟ್ಟರೆ ಕೋಲನ್ ಯಾವುದು, ಸೆಮಿಕೋಲನ್ ಯಾವುದು ಗೊತ್ತಾಗುವುದಿಲ್ಲ.

ಪ್ರಮಾಣಪತ್ರ ಬೇಕೆನ್ನುವವರಿಗೆ ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಕೋರ್ಸ್‌ಗಳ ಎನ್‌ಪಿಟಿಇಎಲ್ ಇದೆ. ವಾರದ ಅಸೈನ್‌ಮೆಂಟ್‌ಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಗಡುವು ದಾಟಿದ ಅಸೈನ್‌ಮೆಂಟ್ ಲೆಕ್ಕಕ್ಕಿಲ್ಲ. ಪಾಠ ಮಾತ್ರ ಸಾಕೆನ್ನುವವರಿಗೆ ವಿಡಿಯೊಗಳು ಯೂಟ್ಯೂಬಿನಲ್ಲೇ ಸಿಗುತ್ತವೆ.

ಅಭ್ಯಾಸಕ್ಕೆ ಕೋಡಿಂಗ್ ಪ್ರಶ್ನೆಗಳ ತಾಣಗಳಾದ ಲೀಟ್‌ಕೋಡ್ ಅಥವಾ ಸಿಎಸ್‌ಇಎಸ್, ಯಾವುದಾದರೂ ಒಂದು. ಕೋಡ್ ಬರೆಯುವ ಮೊದಲು ಪ್ರಶ್ನೆಯ ಕೆಳಗಿರುವ ಮಿತಿ ಓದಿ. ಎನ್ (ಕೊಟ್ಟಿರುವ ಸಂಖ್ಯೆಗಳ ಎಣಿಕೆ) 1 ಲಕ್ಷದವರೆಗೆ ಎಂದಿದ್ದರೆ, ಪ್ರತಿ ಸಂಖ್ಯೆಯನ್ನೂ ಮಿಕ್ಕೆಲ್ಲದರ ಜೊತೆ ಹೋಲಿಸುವ ಎರಡು ಲೂಪ್ 1,000 ಕೋಟಿ ಹೆಜ್ಜೆಯವರೆಗೂ ಹೋಗುತ್ತದೆ. ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಹೆಜ್ಜೆ ಎಂದು ಹಿಡಿದರೆ ಟೈಮ್ ಲಿಮಿಟ್ ಖಂಡಿತ ಮೀರುತ್ತದೆ. ಮೊದಲು ಸಾರ್ಟ್ ಮಾಡಿದರೆ, ಅಂದರೆ ಕ್ರಮವಾಗಿ ಜೋಡಿಸಿದರೆ, ಸುಮಾರು 17 ಲಕ್ಷ ಹೆಜ್ಜೆಯಲ್ಲಿ ಮುಗಿಯುತ್ತದೆ. ಐದು ನಿಮಿಷಕ್ಕೇ ಉತ್ತರ ತೆರೆದು ನೋಡುವವರಿಗೆ ಈ ಲೆಕ್ಕ ಯಾವತ್ತೂ ಕೈಗೆ ಹತ್ತುವುದಿಲ್ಲ. ಅರ್ಧ ಗಂಟೆ ಒದ್ದಾಡಿ, ಆಮೇಲೆ ನೋಡಿ. ಮೂರು ದಿನ ಬಿಟ್ಟು ನೋಡದೆ ಮತ್ತೆ ಬರೆಯಿರಿ.

ಪ್ರಾಜೆಕ್ಟ್‌ಗೆ ಎಲ್ಲರೂ ಮಾಡುವ ಟು-ಡೂ ಲಿಸ್ಟ್ ಬೇಡ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ದಿನಕ್ಕೊಂದು ದರಕ್ಕೆ ಹೋಗುತ್ತದಲ್ಲ, ಅದನ್ನೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ಟೇಬಲ್ಲಿಗೆ ಹಾಕಿ: ದಿನಾಂಕ, ಮಾರುಕಟ್ಟೆ, ಕನಿಷ್ಠ ದರ, ಗರಿಷ್ಠ ದರ. ಚಿಂತಾಮಣಿಯದನ್ನೂ ಸೇರಿಸಿದರೆ ಹೋಲಿಸಲು ಬರುತ್ತದೆ. ಹೊಸಬರು ಎಡವುವ ಜಾಗ ಎರಡು. ದರದ ಕಾಲಮ್ಮನ್ನು ಟೆಕ್ಸ್ಟ್ ಮಾಡಿದರೆ 900 ರೂಪಾಯಿ 1200ಕ್ಕಿಂತ ದೊಡ್ಡದಾಗಿ ಕಾಣಿಸುತ್ತದೆ. ಹೋಲಿಕೆ ಅಕ್ಷರದಿಂದ ಅಕ್ಷರಕ್ಕೆ ನಡೆಯುವುದರಿಂದ 9 ದೊಡ್ಡದು, 1 ಚಿಕ್ಕದು. ಇಂಟಿಜರ್ (ಪೂರ್ಣಾಂಕ) ಮಾಡಿ. ದಿನಾಂಕವನ್ನು ನಾವು ಬರೆಯುವಂತೆ 5-7-2024 ಎಂದರೂ ಇದೇ ಪಾಡು. ಎಸ್‌ಕ್ಯೂಲೈಟ್‌ನಲ್ಲಿ ದಿನಾಂಕಕ್ಕೆಂದೇ ಬೇರೆ ವಿಧವಿಲ್ಲ, 2024-07-05 ಎಂದು ಬರೆದರೆ ಮಾತ್ರ ಸಾಲಾಗಿ ನಿಲ್ಲುತ್ತದೆ.

ಇದನ್ನು ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ, ಗಿಟ್ ಎಂಬ ಸಾಧನದಿಂದ ಏರಿಸುವಾಗ ಹಳೆಯ ವಿಡಿಯೊ ನಂಬಬೇಡಿ. 2021ರ ಆಗಸ್ಟ್ 13ರಿಂದ ಪುಶ್ ಮಾಡಲು (ಕೋಡ್ ಕಳಿಸಲು) ಪಾಸ್‌ವರ್ಡ್ ನಡೆಯುವುದಿಲ್ಲ, ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಬೇಕು. ಗಿಟ್‌ಹಬ್‌ನಲ್ಲಿ ಹೊಸದಾಗಿ ತೆರೆಯುವ ಪ್ರಾಜೆಕ್ಟಿನ ಮುಖ್ಯ ಬ್ರ್ಯಾಂಚಿನ (ಕೋಡಿನ ಕವಲಿನ) ಹೆಸರೂ ಈಗ ಮಾಸ್ಟರ್ ಅಲ್ಲ, ಮೇನ್. ಅದನ್ನು ಇಳಿಸಿಕೊಂಡು ವಿಡಿಯೊದಲ್ಲಿ ತೋರಿಸಿದ್ದನ್ನೇ ಟೈಪ್ ಮಾಡಿದರೆ ಅಂಥ ಬ್ರ್ಯಾಂಚೇ ಇಲ್ಲವೆಂದು ಗಿಟ್ ತಕರಾರು ತೆಗೆಯಬಹುದು.

ತಿಂಗಳುಗಟ್ಟಲೆ ಕಮಿಟ್ ಮಾಡಿದರೂ (ಬದಲಾವಣೆ ದಾಖಲಿಸಿದರೂ) ಪ್ರೊಫೈಲಿನಲ್ಲಿ ದಿನದ ಕೆಲಸ ತೋರಿಸುವ ಹಸಿರು ಚೌಕ ಮೂಡದಿದ್ದರೆ ಗಿಟ್ ಕಾನ್ಫಿಗ್‌ನ ಇಮೇಲ್ ನೋಡಿ. ಖಾತೆಯಲ್ಲಿ ಇಲ್ಲದ ವಿಳಾಸದಿಂದ ಮಾಡಿದ ಕಮಿಟ್ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆ ವಿಳಾಸವನ್ನು ಖಾತೆಗೆ ಸೇರಿಸಿ ದೃಢೀಕರಿಸಿದರೆ ಹಳೆಯವೂ ಬರುತ್ತವೆ. ಬಾಯಿಗೆ ಬಂದ ಸುಳ್ಳು ವಿಳಾಸ ಹಾಕಿದ್ದವರಿಗೆ ಆ ಭಾಗ್ಯವಿಲ್ಲ.