ಎಲ್ಲರ ಕೈತುಂಬ ಕೆಲಸ, ಆದರೂ ಏನೂ ಮುಗಿಯುತ್ತಿಲ್ಲ: ಲಿಟಲ್ ನಿಯಮದ ಟಿಪ್ಪಣಿ

ಟೀಮ್ ಲೀಡ್ ಆದವರಿಗೆ ಉಪಯೋಗಕ್ಕೆ ಬರುವ ಸೂತ್ರಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಇಷ್ಟ. 1961ರಲ್ಲಿ ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ ಗಣಿತದಲ್ಲಿ ಸಾಬೀತು ಮಾಡಿದ್ದು:

ಕೈಯಲ್ಲಿರುವ ಕೆಲಸ = ಮುಗಿಯುವ ವೇಗ × ಒಂದು ಕೆಲಸಕ್ಕೆ ಹಿಡಿಯುವ ಸಮಯ

ಮೂರೂ ಸರಾಸರಿಗಳೇ. ಟೀಮಿನ ಕೆಲಸಗಳನ್ನು ಹಂತವಾರು ಕಾಲಮ್ಮುಗಳಲ್ಲಿ ತೋರಿಸುವ ಬೋರ್ಡಿನಲ್ಲಿ ಶುರುವಾಗಿ ಮುಗಿಯದೆ ಇರುವ ಟಿಕೆಟ್ (ಒಂದೊಂದು ಕೆಲಸದ ಚೀಟಿ) 18, ವಾರಕ್ಕೆ ಮುಗಿಯುವುದು 6 ಎಂದಾದರೆ ಒಂದು ಟಿಕೆಟ್ಟಿಗೆ 3 ವಾರ. ಯಾರನ್ನೂ ಅಂದಾಜು ಕೇಳಬೇಕಿಲ್ಲ, ಎಣಿಸಿದರೆ ಸಾಕು.

ಇಲ್ಲಿಯವರೆಗೆ ಸಲೀಸು. ಮುಗ್ಗರಿಸುವುದು ಮುಂದಿನ ಹೆಜ್ಜೆಯಲ್ಲಿ. 18ನ್ನು 9ಕ್ಕೆ ಇಳಿಸಿದರೆ ಸಮಯ ಒಂದೂವರೆ ವಾರಕ್ಕೆ ಬರುತ್ತದೆ ಎನ್ನುತ್ತದೆ ಸೂತ್ರ. ಆದರೆ ವಾರಕ್ಕೆ ಮುಗಿಯುವುದು ಆಗಲೂ 6. ಹಾಗಾದರೆ ನಿಜವಾಗಿ ಉಳಿತಾಯವಾದದ್ದೇನು? ಉಳಿದ 9 ಟಿಕೆಟ್ ಬೋರ್ಡಿನ ಹೊರಗೆ ಕಾಯುತ್ತಿವೆ, ಅಷ್ಟೇ ಅಲ್ಲವೇ?

ಈ ಅನುಮಾನ ಅರ್ಧ ಸರಿ. ಚಿಕ್ಕ ಲೆಕ್ಕ ಹಾಕಿ ನೋಡೋಣ. ಒಬ್ಬ ಡೆವಲಪರ್, ಅ, ಬ, ಕ ಎಂಬ ಮೂರು ಕೆಲಸ, ತಲಾ 5 ದಿನದ್ದು. ಮೂರನ್ನೂ ಮೊದಲ ದಿನವೇ ಕೇಳಿದ್ದಾರೆ.

ಒಂದಾದ ಮೇಲೆ ಒಂದು ಮಾಡಿದರೆ ಅವು ಮುಗಿಯುವುದು 5, 10, 15ನೇ ದಿನ. ದಿನಕ್ಕೊಂದರಂತೆ ಸರದಿಯಲ್ಲಿ (ಅ, ಬ, ಕ, ಮತ್ತೆ ಅ…) ಮಾಡಿದರೆ 13, 14, 15ನೇ ದಿನ. ಒಟ್ಟು ದುಡಿಮೆ ಎರಡರಲ್ಲೂ 15 ದಿನವೇ. ಕೇಳಿದವರು ಕಾದದ್ದು ಮೊದಲನೆಯದರಲ್ಲಿ ಸರಾಸರಿ 10 ದಿನ, ಎರಡನೆಯದರಲ್ಲಿ 14. ಅ 8 ದಿನ ಮೊದಲು ಸಿಕ್ಕಿತು, ಬ 4 ದಿನ ಮೊದಲು. ಕ ಏನನ್ನೂ ಕಳೆದುಕೊಳ್ಳಲಿಲ್ಲ.

ಈಗ ಬೋರ್ಡ್ ಏನು ತೋರಿಸುತ್ತದೆ ನೋಡಿ. ಅಲ್ಲಿ ಗಡಿಯಾರ ಓಡಲು ಶುರುವಾಗುವುದು ಕೆಲಸ ಕೈಗೆತ್ತಿಕೊಂಡಾಗ. ಆ ಲೆಕ್ಕದಲ್ಲಿ ಸಾಲಾಗಿ ಮಾಡಿದರೆ ಪ್ರತಿಯೊಂದಕ್ಕೂ 5 ದಿನ, ಸರದಿಯಲ್ಲಿ ಮಾಡಿದರೆ ಪ್ರತಿಯೊಂದಕ್ಕೂ 13. ಉಳಿತಾಯ 8 ದಿನ ಎಂದು ಕಾಣುತ್ತದೆ. ಕೇಳಿದವರಿಗೆ ಸಿಕ್ಕ ನಿಜವಾದ ಉಳಿತಾಯ ಸರಾಸರಿ 4. ಮಿಕ್ಕ 4 ದಿನ ಬೋರ್ಡಿನಿಂದ ಬ್ಯಾಕ್‌ಲಾಗಿಗೆ (ಇನ್ನೂ ಶುರುವಾಗದ ಕೆಲಸಗಳ ಪಟ್ಟಿಗೆ) ಸರಿದ ಕಾಯುವಿಕೆ. ಆದ್ದರಿಂದ ಎರಡು ಗಡಿಯಾರ ಇಟ್ಟುಕೊಳ್ಳಿ: ಕೇಳಿದ ದಿನದಿಂದ ಒಂದು, ಶುರು ಮಾಡಿದ ದಿನದಿಂದ ಇನ್ನೊಂದು. ಎರಡನೆಯದನ್ನು ಮಾತ್ರ ತೋರಿಸುವ ಮ್ಯಾನೇಜರ್ ತನಗೇ ಮೋಸ ಮಾಡಿಕೊಳ್ಳುತ್ತಾನೆ.

ಬ್ಯಾಕ್‌ಲಾಗಿನಲ್ಲಿ ಕಾಯುವುದೂ ಅರ್ಧ ಬರೆದ ಬ್ರಾಂಚಿನಲ್ಲಿ (ಮುಖ್ಯ ಕೋಡಿನಿಂದ ಬೇರೆ ಇಟ್ಟು ಬರೆಯುವ ಪ್ರತಿಯಲ್ಲಿ) ಕಾಯುವುದೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ಶುರುವಾಗದ ಕೆಲಸವನ್ನು ಖರ್ಚಿಲ್ಲದೆ ಕೈಬಿಡಬಹುದು, ಹಿಂದೆಮುಂದೆ ಮಾಡಬಹುದು. ಅರ್ಧ ಬರೆದದ್ದು ದಿನ ಕಳೆದಷ್ಟೂ ಮುಖ್ಯ ಬ್ರಾಂಚಿನಿಂದ ದೂರ ಸರಿಯುತ್ತದೆ, ಮರ್ಜ್ ಮಾಡುವಾಗ, ಅಂದರೆ ಮತ್ತೆ ಅದಕ್ಕೆ ಸೇರಿಸುವಾಗ, ಕಾನ್‌ಫ್ಲಿಕ್ಟ್ (ಎರಡರ ಬದಲಾವಣೆಗಳ ಡಿಕ್ಕಿ) ಹೆಚ್ಚುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಖರ್ಚನ್ನು ಸೊನ್ನೆ ಎಂದು ಹಿಡಿದಿದ್ದೇವೆ. ಅದನ್ನೂ ಸೇರಿಸಿದರೆ ಸರದಿಯ ಪದ್ಧತಿ 15ನೇ ದಿನಕ್ಕೂ ಮುಗಿಯದು.

ಲೆಕ್ಕ ಕೆಡುವ ಜಾಗಗಳು: ಕೈಬಿಟ್ಟ ಟಿಕೆಟ್ಟನ್ನು ಮುಚ್ಚದೆ ಬೋರ್ಡಿನಲ್ಲೇ ಬಿಡುವುದು, ನಿಂತುಹೋದದ್ದನ್ನು ‘ಬ್ಲಾಕ್ಡ್’ ಕಾಲಮ್ಮಿಗೆ ತಳ್ಳಿ ಎಣಿಕೆಯಿಂದ ತಪ್ಪಿಸುವುದು, ವಾಪಸ್ ಬಂದ ಟಿಕೆಟ್ಟಿನ ಗಡಿಯಾರವನ್ನು ಸೊನ್ನೆಯಿಂದ ಶುರು ಮಾಡುವುದು. ಶುರುವಾಗುವ ವೇಗ ಮುಗಿಯುವ ವೇಗಕ್ಕಿಂತ ಹೆಚ್ಚಿದ್ದರೆ ಬೋರ್ಡ್ ಉಬ್ಬುತ್ತಲೇ ಹೋಗುತ್ತದೆ, ಇವತ್ತಿನ ಭಾಗಾಕಾರ ನಾಳೆಗೆ ಸುಳ್ಳಾಗುತ್ತದೆ. ಗಿರಾಕಿಗೆ ದಿನಾಂಕ ಕೊಡುವಾಗ ಸರಾಸರಿ ಹೇಳಬೇಡಿ. ಮುಗಿದ ಟಿಕೆಟ್‌ಗಳನ್ನು ಸಮಯದ ಪ್ರಕಾರ ಜೋಡಿಸಿ, 100ರಲ್ಲಿ 85 ಯಾವ ದಿನದೊಳಗೆ ಮುಗಿದಿವೆಯೋ ಅದನ್ನು ಹೇಳಿ.

ಇನ್ನು ಬಿಡುವಿನ ವಿಷಯ. ಕೋಡ್ ರಿವ್ಯೂ (ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು) ಮಾಡುವವರು ಒಬ್ಬರೇ, ಒಂದಕ್ಕೆ ಸರಾಸರಿ 1 ಗಂಟೆ, ಬರುವುದಕ್ಕೆ ಹೊತ್ತುಗೊತ್ತಿಲ್ಲ, ಗಾತ್ರವೂ ಏರುಪೇರು ಎಂದುಕೊಳ್ಳಿ. ಸಾಲಿನಲ್ಲಿ ಕಾಯುವುದನ್ನು ಲೆಕ್ಕ ಹಾಕುವ ಗಣಿತದ ಸರಳ ಮಾದರಿಯ ಪ್ರಕಾರ ಅವರ ಸಮಯದಲ್ಲಿ 50% ತುಂಬಿದ್ದರೆ ರಿವ್ಯೂ ಶುರುವಾಗುವ ಮೊದಲು ಸರಾಸರಿ ಕಾಯಬೇಕಾದದ್ದು 1 ಗಂಟೆ, 80% ಆದರೆ 4, 90% ಆದರೆ 9, 95% ಆದರೆ 19 ಗಂಟೆ. ತುಂಬಿದ ಪಾಲನ್ನು ಖಾಲಿ ಪಾಲಿನಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ: 90 ÷ 10 = 9. ಎಲ್ಲರನ್ನೂ ಪೂರ್ತಿ ತುಂಬಿಸುವ ಪ್ಲಾನ್ ತಡವಾಗುವುದು ಇಲ್ಲಿಯೇ.

ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕುವುದಿದ್ದರೆ ಮೊದಲು ರಿವ್ಯೂ ಕಾಲಮ್ಮಿಗೆ ಹಾಕಿ. 6 ಜನರ ಟೀಮಿಗೆ 3 ಟಿಕೆಟ್ಟಿನಿಂದ ಶುರು ಮಾಡಬಹುದು. ಅದು ತುಂಬಿದ್ದರೆ ಹೊಸ ಟಿಕೆಟ್ ಎತ್ತಿಕೊಳ್ಳುವಂತಿಲ್ಲ, ಕೈ ಖಾಲಿಯಾದವರು ಅಲ್ಲಿರುವ ಒಂದನ್ನು ರಿವ್ಯೂ ಮಾಡಬೇಕು. ಬೆಳಗಿನ ಸ್ಟ್ಯಾಂಡಪ್‌ನಲ್ಲಿ (ದಿನದ ಚಿಕ್ಕ ಸಭೆಯಲ್ಲಿ) ಬೋರ್ಡನ್ನು ಬಲಗಡೆಯಿಂದ, ಅಂದರೆ ಮುಗಿಯಲು ಹತ್ತಿರವಿರುವ ಟಿಕೆಟ್ಟಿನಿಂದ ಓದುತ್ತ ಬನ್ನಿ.