ರಾಬಿನ್ಸನ್‌ರ 8ಕೆ: ಕಲ್ಲಿದ್ದಲಿಗೆ ಹುಟ್ಟಿ ಯುದ್ಧಕ್ಕೆ ಹೋದ ಎಂಜಿನ್

ಬ್ರಿಟನ್‌ನ ಗ್ರೇಟ್ ಸೆಂಟ್ರಲ್ ರೈಲ್ವೆ ಕಂಪನಿಯ 8ಕೆ ಉಗಿ ಎಂಜಿನ್ ಅರ್ಥವಾಗಬೇಕಾದರೆ ಮೊದಲು ಅದರ ಕೆಲಸ ನೋಡಬೇಕು. ಇಂಗ್ಲೆಂಡಿನ ಪೂರ್ವ ಕರಾವಳಿಯ ಇಮ್ಮಿಂಗ್‌ಹ್ಯಾಮ್ ಬಂದರು 1912ರಲ್ಲಿ ತೆರೆಯಿತು. ಗಣಿಯ ಕಲ್ಲಿದ್ದಲನ್ನು ಅಲ್ಲಿಗೆ ಮುಟ್ಟಿಸಬೇಕಿತ್ತು. ಅಂಥ ಕೆಲಸಕ್ಕೆಂದೇ ಆ ಕಂಪನಿಯ ಎಂಜಿನಿಯರ್ ಜಾನ್ ಜಿ. ರಾಬಿನ್ಸನ್ 1911ರಲ್ಲಿ ಇದನ್ನು ರೂಪಿಸಿದರು.

ಚಕ್ರಗಳ ಜೋಡಣೆ 2-8-0. ಅಂದರೆ ಮುಂದೆ 2 ಸಣ್ಣ ಚಕ್ರ, ಆಮೇಲೆ ಎಳೆಯುವ 8 ಚಕ್ರ, ಹಿಂದೆ ಏನೂ ಇಲ್ಲ. ಎರಡೂ ಬದಿ ಸೇರಿಸಿ ಎಣಿಸಬೇಕು, ಇಲ್ಲಿ ತುಂಬಾ ಜನ ಎಡವುತ್ತಾರೆ.

ಈಗ ಲೆಕ್ಕ. ಎಳೆಯುವ ಬಲಕ್ಕೆ ಸೂತ್ರ ಹೀಗಿದೆ: ಬಾಯ್ಲರ್ ಒತ್ತಡದ 85% × ಸಿಲಿಂಡರ್ ವ್ಯಾಸದ ವರ್ಗ × ಪಿಸ್ಟನ್ ಓಡುವ ಉದ್ದ ÷ ಚಕ್ರದ ವ್ಯಾಸ. ಸಿಲಿಂಡರ್ ತಲುಪುವಷ್ಟರಲ್ಲಿ ಒತ್ತಡ ಸ್ವಲ್ಪ ಇಳಿಯುತ್ತದೆ, ಅದಕ್ಕೇ 85%. 8ಕೆಯ ಒತ್ತಡ ಚದರ ಇಂಚಿಗೆ 180 ಪೌಂಡ್, ಸಿಲಿಂಡರ್ 21 ಇಂಚು, ಪಿಸ್ಟನ್ ಓಟ 26 ಇಂಚು, ಚಕ್ರ 56 ಇಂಚು. 153 × 441 × 26 ÷ 56 ಮಾಡಿದರೆ 31,300 ಪೌಂಡ್ ದಾಟುತ್ತದೆ. ಮಿಕ್ಕದ್ದೆಲ್ಲ ಹಾಗೇ ಬಿಟ್ಟು ಚಕ್ರವನ್ನು ಮಾತ್ರ ಎಕ್ಸ್‌ಪ್ರೆಸ್ ಎಂಜಿನ್ನಿನಂತೆ 81 ಇಂಚು ಮಾಡಿ ನೋಡಿ. ಸುಮಾರು 21,700ಕ್ಕೆ ಇಳಿಯುತ್ತದೆ! ಚಿಕ್ಕ ಚಕ್ರದಿಂದ ವೇಗ ಕಮ್ಮಿಯಾಗುತ್ತೆ, ನಿಜ. ಆದರೆ ವೇಗ ಯಾರಿಗೆ ಬೇಕಿತ್ತು? ಆಗಿನ ಕಲ್ಲಿದ್ದಲು ವ್ಯಾಗನ್‌ಗಳಿಗೆ ಡ್ರೈವರ್ ಹಾಕಬಲ್ಲ ಬ್ರೇಕೇ ಇರಲಿಲ್ಲ. ಓಡುವಾಗ ಎಂಜಿನ್ ಬ್ರೇಕು, ಕೊನೆಯ ಗಾರ್ಡ್ ವ್ಯಾನಿನ ಬ್ರೇಕು, ಇವೆರಡೇ ಗತಿ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ರೈಲ್ವೆ ಆಪರೇಟಿಂಗ್ ಡಿವಿಷನ್‌ಗೆ (ಆರ್‌ಒಡಿ) ಎಂಜಿನ್ ಬೇಕಾದಾಗ ಇದೇ ನಮೂನೆ ಆಯ್ಕೆಯಾಯಿತು. ಒಟ್ಟು 521 ತಯಾರಾದವು. ಕದನ ನಿಂತ ಮೇಲೂ, 1919ರಲ್ಲಿ, ಹೊಸವು ಬರುತ್ತಲೇ ಇದ್ದವು. ಇಷ್ಟನ್ನು ಇಟ್ಟುಕೊಂಡು ಸರ್ಕಾರ ಏನು ಮಾಡಬೇಕು ಹೇಳಿ.

ಮಾರಿತು. ನನಗಂತೂ ಕಥೆಯ ಮಜಾ ಇರುವುದೇ ಇಲ್ಲಿ. ಗ್ರೇಟ್ ಸೆಂಟ್ರಲ್ ಸೇರಿಹೋದ ಎಲ್‌ಎನ್‌ಇಆರ್ ಕಂಪನಿ 1923ರಲ್ಲಿ 125 ಎಂಜಿನ್‌ಗಳನ್ನು ತಲಾ 2,000 ಪೌಂಡಿಗೆ ಕೊಂಡಿತು. ಆಮೇಲೆ 48 ಬಂದವು, ತಲಾ 1,500ಕ್ಕೆ. 1927ರಲ್ಲಿ ಇನ್ನೂ 100, ತಲಾ ಬರೀ 340ಕ್ಕೆ! ಕಾದವರಿಗೇ ಲಾಭ ಅಲ್ವಾ? ಎಲ್‌ಎನ್‌ಇಆರ್ ಪಟ್ಟಿಯಲ್ಲಿ ಇವುಗಳ ಹೆಸರು ಒ4. ಪುಸ್ತಕಗಳಲ್ಲಿ 8ಕೆ, ಆರ್‌ಒಡಿ, ಒ4 ಎಂದು ಮೂರೂ ಸಿಗುತ್ತವೆ, ಗಾಬರಿಯಾಗಬೇಡಿ. ಮೂಲ ಒಂದೇ.

ಎರಡನೇ ಮಹಾಯುದ್ಧದಲ್ಲಿ 92 ಎಂಜಿನ್‌ಗಳನ್ನು ಮಧ್ಯಪ್ರಾಚ್ಯಕ್ಕೆ ಕಳಿಸಿದರು. ಬ್ರಿಟನ್‌ನಲ್ಲಿ ಉಳಿದವು 1966ರವರೆಗೂ ದುಡಿದವು. ಈಗ ಅಲ್ಲಿ ಉಳಿದಿರುವುದು 63601 ಸಂಖ್ಯೆಯ ಎಂಜಿನ್ ಒಂದೇ. ಇನ್ನು ಮೂರು ಇರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ. ಅಲ್ಲಿನ ಗಣಿ ಕಂಪನಿ ಜೆ ಆಂಡ್ ಎ ಬ್ರೌನ್ ಕೊಂಡ 13 ಆರ್‌ಒಡಿಗಳಲ್ಲಿ ಉಳಿದವು ಅವು. ಅಲ್ಲೂ ಎಳೆದದ್ದು ಕಲ್ಲಿದ್ದಲನ್ನೇ.