ಎಜಿಎಫ್: ವಿಕಿಪೀಡಿಯದಲ್ಲಿ ಜಗಳವಾಡುವುದು ಹೇಗೆ

ವಿಕಿಪೀಡಿಯದ ಯಾವುದೇ ಲೇಖನದ ಮೇಲ್ಭಾಗದಲ್ಲಿ ‘ಚರ್ಚೆ’ ಅಂತ ಒಂದು ಕೊಂಡಿ ಇರುತ್ತದೆ. ಓದಲು ಬಂದವರು ಅದರ ತಂಟೆಗೆ ಹೋಗುವುದು ಕಡಿಮೆ. ಹೋದರೆ ಕೆಲವೊಮ್ಮೆ ಲೇಖನಕ್ಕಿಂತ ಉದ್ದದ ಜಗಳ ಕಾಣಿಸುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಾದರೆ ಆ ಜಗಳದ ನಡುವೆ ಯಾರೋ ಒಬ್ಬರು ‘ಎಜಿಎಫ್ ಪ್ಲೀಸ್’ ಅಂತ ಬರೆದಿರುತ್ತಾರೆ. ಹೊಸಬರಿಗೆ ಅದು ಬುದ್ಧಿವಾದವೋ ಬೈಗುಳವೋ ತಿಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಎರಡೂ ಆಗಿರಬಹುದು.

ಎಜಿಎಫ್ ಅಂದರೆ ‘ಅಸ್ಯೂಮ್ ಗುಡ್ ಫೇತ್’ ಎಂಬ ಮಾರ್ಗಸೂಚಿ. ಎದುರಿನವರು ಲೇಖನ ಚೆನ್ನಾಗಾಗಲಿ ಅಂತಲೇ ಕೈಹಾಕಿದ್ದಾರೆ ಅಂದುಕೊಂಡು ಮಾತು ಶುರು ಮಾಡಿ ಅನ್ನುವುದು ಇದರ ತಿರುಳು. ಕೇಳಿದ ಕೂಡಲೇ ‘ಎಲ್ಲರನ್ನೂ ನಂಬಿ’ ಎಂಬ ಉಪದೇಶದ ಹಾಗೆ ಅನ್ನಿಸುತ್ತದೆ. ಆದರೆ ಅದು ಕೇಳುವುದು ಅಷ್ಟೊಂದನ್ನಲ್ಲ. ಅವರು ಬರೆದದ್ದು ಸರಿ ಅಂತ ಒಪ್ಪಬೇಕಾಗಿಲ್ಲ. ಅವರ ಸಾಲನ್ನು ತಿದ್ದಬಹುದು, ಆಧಾರ ಕೇಳಬಹುದು, ಪೂರ್ತಿ ಅಳಿಸಲೂಬಹುದು. ‘ನೀವು ಬೇಕಂತಲೇ ಹೀಗೆ ಮಾಡಿದ್ದೀರಿ’ ಅನ್ನುವ ಮಾತನ್ನು ಮಾತ್ರ ಮೊದಲಿಗೇ ಎತ್ತಬಾರದು.

ಒಂದು ಉದಾಹರಣೆ ನೋಡಿ. ಯಾವುದೋ ಊರಿನ ಲೇಖನಕ್ಕೆ ಒಬ್ಬರು ‘ಇಲ್ಲಿನ ದೇವಸ್ಥಾನ ಸಾವಿರ ವರ್ಷ ಹಳೆಯದು’ ಅಂತ ಸೇರಿಸುತ್ತಾರೆ. ಮಾರನೇ ದಿನ ಇನ್ನೊಬ್ಬರು ಆ ಸಾಲನ್ನು ತೆಗೆದುಹಾಕುತ್ತಾರೆ. ಮೊದಲನೆಯವರಿಗೆ ‘ನಮ್ಮೂರಿನ ಮೇಲೆ ಇವರಿಗೆ ಹೊಟ್ಟೆಕಿಚ್ಚು’ ಅನ್ನಿಸುತ್ತದೆ. ಎರಡನೆಯವರಿಗೆ ‘ಸುಮ್ನೆ ಊರಿನ ಪ್ರಚಾರ ಮಾಡ್ತಿದ್ದಾರೆ’ ಅನ್ನಿಸುತ್ತದೆ. ನಡೆದದ್ದು ಇಷ್ಟೇ. ಒಬ್ಬರು ಮನೆಯ ಹಿರಿಯರಿಂದ ಕೇಳಿದ್ದನ್ನು ಬರೆದರು. ಇನ್ನೊಬ್ಬರು ಪುಸ್ತಕದ ಆಧಾರ ಹುಡುಕಿದರು, ಸಿಗಲಿಲ್ಲ, ತೆಗೆದರು. ಇಬ್ಬರೂ ಒಬ್ಬರ ಮುಖವನ್ನು ಒಬ್ಬರು ನೋಡಿದವರಲ್ಲ. ದನಿ ಕೇಳಿಸುವುದಿಲ್ಲ. ಎಷ್ಟೋ ಜನ ಅಡ್ಡಹೆಸರಿನಲ್ಲೇ ಬರೆಯುತ್ತಾರೆ. ಇಬ್ಬರ ಮುಂದೆ ಇರುವುದು ಒಂದು ಸಾಲು ಮತ್ತು ಅದು ಮಾಯವಾದ ಸಮಯ, ಅಷ್ಟೇ. ಮಿಕ್ಕಿದ್ದನ್ನೆಲ್ಲ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳುವಾಗ ಸಾಮಾನ್ಯವಾಗಿ ಕೆಟ್ಟದ್ದನ್ನೇ ತುಂಬಿಕೊಳ್ಳುತ್ತದೆ.

ಕಚೇರಿಯಲ್ಲಾದರೆ ಇಂಥ ತಕರಾರು ಮೇಲಿನವರ ಹತ್ತಿರ ಹೋಗುತ್ತದೆ. ಅವರು ಒಂದು ಮಾತು ಹೇಳಿದರೆ ಮುಗಿಯಿತು. 2001ರ ಜನವರಿ 15ರಂದು ಶುರುವಾದ ವಿಕಿಪೀಡಿಯದಲ್ಲಿ ಆ ಮೇಲಿನವರೇ ಇಲ್ಲ. ಸಂಬಳವಿಲ್ಲ, ಹುದ್ದೆಯಿಲ್ಲ. ಯಾವುದು ಸರಿ ಅಂತ ಕೊನೆಯ ಮಾತು ಹೇಳುವ ಸಂಪಾದಕರೂ ಇಲ್ಲ. ‘ನಿರ್ವಾಹಕರು’ ಅಂತ ಇದ್ದಾರೆ, ಅಲ್ವಾ? ಇದ್ದಾರೆ. ಪುಟ ಅಳಿಸುವ, ಪುಟಕ್ಕೆ ಬೀಗ ಹಾಕುವ, ತೀರಾ ಕಿರಿಕಿರಿ ಮಾಡುವವರನ್ನು ತಡೆಯುವ ಗುಂಡಿಗಳು ಅವರ ಕೈಯಲ್ಲಿವೆ. ಲೇಖನದಲ್ಲಿ ಏನಿರಬೇಕು ಅನ್ನುವಲ್ಲಿ ಅವರ ಮಾತಿಗೂ ನಿನ್ನೆ ಸೇರಿದವರ ಮಾತಿಗೂ ಒಂದೇ ತೂಕ. ಕನಿಷ್ಠ ನಿಯಮ ಹೇಳುವುದು ಹಾಗೆ. ಹಾಗಾಗಿ ಇಬ್ಬರು ಮಾತಾಡಿಕೊಂಡೇ ಒಂದು ತೀರ್ಮಾನಕ್ಕೆ ಬರಬೇಕು. ಮಾತು ಮುರಿದರೆ ಲೇಖನವೂ ಅಲ್ಲೇ ನಿಂತಿತು. ಮರ್ಯಾದೆಯಿಂದ ನಡೆದುಕೊಳ್ಳಿ ಅನ್ನುವುದನ್ನು ವಿಕಿಪೀಡಿಯ ತನ್ನ ಐದು ಆಧಾರಸ್ತಂಭಗಳಲ್ಲಿ ಒಂದಾಗಿ ಇಟ್ಟುಕೊಂಡಿರುವುದು ಈ ಕಾರಣಕ್ಕೆ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎದುರಿನವರ ಉದ್ದೇಶ ಒಳ್ಳೆಯದು ಅಂದುಕೊಳ್ಳುವುದು ವಿಕಿಪೀಡಿಯದಲ್ಲಿ ಬಹಳ ಅಗ್ಗ. ಪ್ರತಿ ಲೇಖನದ ಹಿಂದೆ ‘ಇತಿಹಾಸ’ ಅಂತ ಒಂದು ಪುಟವಿದೆ. ಯಾರು ಯಾವ ಕ್ಷಣದಲ್ಲಿ ಏನು ಬದಲಿಸಿದರು ಅನ್ನುವುದು ಅಲ್ಲಿ ಉಳಿದಿರುತ್ತದೆ. ಹಳೆಯ ಪ್ರತಿಗೆ ಮರಳಲು ಒಂದೆರಡು ಕ್ಲಿಕ್ ಸಾಕು. ನೀವು ಒಬ್ಬರನ್ನು ಒಳ್ಳೆಯವರು ಅಂದುಕೊಂಡಿರಿ, ಅದು ತಪ್ಪಾಯಿತು ಅನ್ನಿ. ನಷ್ಟ ಏನು? ಒಂದು ಸಾಲು ಒಂದು ದಿನ ಕೆಟ್ಟಿತ್ತು, ಸರಿಮಾಡಿದಿರಿ. ಒಳ್ಳೆಯವರನ್ನು ಕಿಡಿಗೇಡಿ ಅಂದಿರಿ ಅನ್ನಿ. ಅವರು ಎದ್ದು ಹೋಗುತ್ತಾರೆ. ಅದಕ್ಕೆ ‘ಹಿಂದಿನಂತೆ ಮಾಡು’ ಎಂಬ ಗುಂಡಿ ಇಲ್ಲ. ಬ್ಯಾಂಕಿನಲ್ಲೋ ಜಮೀನು ವ್ಯವಹಾರದಲ್ಲೋ ಎಜಿಎಫ್ ಅಂತ ಕೂತರೆ ಮನೆ ಮಾರಬೇಕಾದೀತು!

ಆದರೆ ಅದೇ ಅಗ್ಗದ ಗುಂಡಿ ಜಗಳವನ್ನೂ ಅಗ್ಗ ಮಾಡಿದೆ. ಒಬ್ಬರು ಬದಲಿಸುತ್ತಾರೆ, ಇನ್ನೊಬ್ಬರು ವಾಪಸ್ ಮಾಡುತ್ತಾರೆ, ಮೊದಲನೆಯವರು ಮತ್ತೆ ಬದಲಿಸುತ್ತಾರೆ. ಇದಕ್ಕೆ ‘ಎಡಿಟ್ ವಾರ್’ ಅನ್ನುತ್ತಾರೆ. ಇದನ್ನು ಹಿಡಿದು ನಿಲ್ಲಿಸಲು ಇಂಗ್ಲಿಷ್ ವಿಕಿಪೀಡಿಯ 2004ರಲ್ಲಿ ‘ಮೂರು ರಿವರ್ಟ್’ ನಿಯಮ ತಂದಿತು. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ಬದಲಾವಣೆಯನ್ನು ವಾಪಸ್ ಮಾಡಿದರೆ ನಿಮ್ಮನ್ನು ಕೆಲಕಾಲ ತಡೆಯಬಹುದು. ಎದ್ದುಕಾಣುವ ಕಿಡಿಗೇಡಿತನವನ್ನು ಅಳಿಸುವುದಕ್ಕೆ ವಿನಾಯಿತಿ ಇದೆ. ‘ನಾನು ಬರೆದದ್ದೇ ಸರಿ’ ಅನ್ನುವುದಕ್ಕೆ ವಿನಾಯಿತಿ ಇಲ್ಲ. ನನಗೆ ಈ ನಿಯಮದಲ್ಲಿ ತುಂಬ ಹಿಡಿಸುವುದು ಇದೇ. ಜಗಳದಲ್ಲಿರುವ ಪ್ರತಿಯೊಬ್ಬರೂ ತಾವೇ ಸರಿ ಅಂದುಕೊಂಡಿರುತ್ತಾರೆ. ಹಾಗಾಗಿ ಯಾರು ಸರಿ ಅಂತ ನೋಡಿ ತಡೆಯಲು ಹೋದರೆ ಯಾವ ಜಗಳವೂ ನಿಲ್ಲುವುದಿಲ್ಲ.

ಜಗಳದ ವಿಷಯ ದೊಡ್ಡದೇ ಇರಬೇಕು ಅಂತೇನಿಲ್ಲ. ಯೋಗರ್ಟ್, ಅಂದರೆ ಮೊಸರಿನ ಇಂಗ್ಲಿಷ್ ಲೇಖನದ ಹೆಸರಿನಲ್ಲಿ ‘ಎಚ್’ ಅಕ್ಷರ ಇರಬೇಕೋ (yoghurt) ಬೇಡವೋ (yogurt) ಅಂತ ವರ್ಷಗಟ್ಟಲೆ ಕಾದಾಡಿದ್ದಾರೆ. 2002ರಲ್ಲಿ ಶುರುವಾದಾಗ ಎಚ್ ಇರಲಿಲ್ಲ. 2003ರಲ್ಲಿ ಬಂತು. 2011ರ ಕೊನೆಯಲ್ಲಿ ಮತ್ತೆ ಹೋಯಿತು. ನಾವು ಮೊಸರಲ್ಲಿ ಕಲ್ಲು ಹುಡುಕೋದು ಅನ್ನುತ್ತೇವಲ್ಲ, ಅವರು ಎಚ್ ಹುಡುಕಿದರು. ಪೋಲೆಂಡಿನ ಗ್ದಾನ್ಸ್ಕ್ ನಗರದ ಕತೆ ಅಷ್ಟು ಹಗುರವಲ್ಲ. ಜರ್ಮನ್ನರು ಅದನ್ನು ಡಾನ್ಸಿಗ್ ಅನ್ನುತ್ತಿದ್ದರು. ಯಾವ ಹೆಸರು ಬಳಸಬೇಕು ಎಂಬ ಪ್ರಶ್ನೆಯ ಹಿಂದೆ ಎರಡು ದೇಶಗಳ ಗಾಯ ಇತ್ತು. 2005ರಲ್ಲಿ ಮತಕ್ಕೆ ಹಾಕಿ 1308ರಿಂದ 1945ರವರೆಗಿನ ಸಂಗತಿಗಳಿಗೆ ಡಾನ್ಸಿಗ್, ಅದರ ಹಿಂದೆ ಮುಂದೆ ಗ್ದಾನ್ಸ್ಕ್ ಅಂತ ಗೆರೆ ಎಳೆದರು.

ನಮ್ಮ ಬೆಂಗಳೂರಿಗೂ ಇದೇ ಕತೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಅಧಿಕೃತವಾಗಿ ‘ಬೆಂಗಳೂರು’ ಅಂತಾಯಿತು. ಇಂಗ್ಲಿಷ್ ವಿಕಿಪೀಡಿಯದ ಲೇಖನ ಮಾತ್ರ ಅದಾಗಿ ವರ್ಷಗಟ್ಟಲೆ ‘ಬ್ಯಾಂಗಲೋರ್’ ಹೆಸರಿನಲ್ಲೇ ಇತ್ತು. ಪದೇ ಪದೇ ಕನ್ನಡಿಗರು ಹೋಗಿ ‘ಸರ್ಕಾರವೇ ಬದಲಿಸಿದ ಮೇಲೆ ನಿಮ್ಮದೇನು’ ಅಂತ ಕೇಳುತ್ತಿದ್ದರು. ಅಲ್ಲಿನ ನಿಯಮ ಬೇರೆ. ಸರ್ಕಾರಿ ಹೆಸರು ಯಾವುದು ಅಂತ ಅವರು ನೋಡುವುದಿಲ್ಲ, ಇಂಗ್ಲಿಷ್ ಪುಸ್ತಕ ಪತ್ರಿಕೆಗಳಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ ಅಂತ ನೋಡುತ್ತಾರೆ. ಈ ನಿಯಮ ಗೊತ್ತಿಲ್ಲದವರಿಗೆ ಅದು ಕನ್ನಡದ ಮೇಲಿನ ದ್ವೇಷದ ಹಾಗೆ ಕಾಣುತ್ತದೆ. ನಿಯಮ ಗೊತ್ತಿರುವವರಿಗೆ ಬಂದವರೆಲ್ಲ ಗಲಾಟೆಗೇ ಬಂದವರ ಹಾಗೆ ಕಾಣುತ್ತಾರೆ. ಇದೇ ರೀತಿ, ಭಾರತದ ಊರು, ವ್ಯಕ್ತಿಗಳ ಇಂಗ್ಲಿಷ್ ಲೇಖನಗಳ ಮೊದಲ ಸಾಲಿನಲ್ಲಿ ಕನ್ನಡ, ತಮಿಳು, ದೇವನಾಗರಿ ಲಿಪಿಯ ಹೆಸರುಗಳು ಇರುತ್ತಿದ್ದವು. ಯಾವ ಲಿಪಿ ಇರಬೇಕು, ಯಾವುದು ಮೊದಲು ಬರಬೇಕು ಅಂತ ಜಗಳ ಮುಗಿಯಲೇ ಇಲ್ಲ. ಕೊನೆಗೆ 2012ರಲ್ಲಿ ಚರ್ಚೆ ನಡೆಸಿ, ಕೆಲವು ವಿನಾಯಿತಿ ಬಿಟ್ಟು, ಯಾವ ಭಾರತೀಯ ಲಿಪಿಯೂ ಬೇಡ ಅಂತ ತೀರ್ಮಾನಿಸಿದರು. ಜಗಳ ನಿಂತಿತು, ನಿಜ. ನಮ್ಮ ಅಕ್ಷರವೂ ಹೋಯಿತು. ನಾನಂತೂ ಇದನ್ನು ಒಳ್ಳೆಯ ಪರಿಹಾರ ಅನ್ನಲಾರೆ.

ಎಜಿಎಫ್‌ಗೆ ನಿಜವಾದ ಪರೀಕ್ಷೆ ಜಾತಿಗಳ ಬಗೆಗಿನ ಲೇಖನಗಳಲ್ಲಿ. ಅಲ್ಲಿ ಗಲಾಟೆ ಎಷ್ಟಿತ್ತೆಂದರೆ 2012ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸಮುದಾಯವೇ ಆ ಲೇಖನಗಳಿಗೆ ಬಿಗಿಯಾದ ವಿಶೇಷ ನಿಯಮ ಹಾಕಿಕೊಂಡಿತು. ತಮಾಷೆ ಏನು ಗೊತ್ತಾ? ಅಲ್ಲಿಗೆ ಬರುವ ಎಷ್ಟೋ ಜನರ ಉದ್ದೇಶ ನಿಜಕ್ಕೂ ಒಳ್ಳೆಯದೇ. ತಮ್ಮ ಪೂರ್ವಜರು ರಾಜರಾಗಿದ್ದರು ಅಂತ ಅವರು ಮನಸಾರೆ ನಂಬಿರುತ್ತಾರೆ. ಅದನ್ನು ಬರೆಯದೆ ಬಿಟ್ಟವರು ಅನ್ಯಾಯ ಮಾಡಿದ್ದಾರೆ ಅಂತಲೂ ನಂಬಿರುತ್ತಾರೆ. ಅವರ ಉದ್ದೇಶವನ್ನು ಅನುಮಾನಿಸಬೇಕಾಗಿಲ್ಲ. ಸಾಲನ್ನು ಮಾತ್ರ ಅಳಿಸಬೇಕು, ಯಾಕೆಂದು ಹೇಳಬೇಕು, ನಾಳೆ ಬರುವ ಇನ್ನೊಬ್ಬರಿಗೂ ಅದನ್ನೇ ತಾಳ್ಮೆಯಿಂದ ಹೇಳಬೇಕು. ಮನುಷ್ಯರು ಇದನ್ನು ಎಷ್ಟು ದಿನ ಮಾಡಿಯಾರು?

ಸಿಡುಕು ಹುಟ್ಟುವುದು ಇಲ್ಲಿಂದಲೇ. ಸಿಡುಕಿದವರಿಗೆ ‘ಎಜಿಎಫ್ ಮರೆತಿರಾ’ ಅನ್ನುವ ಏಟು ಬೀಳುತ್ತದೆ. ಒಂದು ವಿಚಿತ್ರ ಗಮನಿಸಿ. ‘ನೀವು ನನ್ನ ಬಗ್ಗೆ ಒಳ್ಳೆಯದು ಅಂದುಕೊಳ್ಳುತ್ತಿಲ್ಲ’ ಅಂತ ದೂರುವಾಗ, ದೂರುವವರೂ ಎದುರಿನವರ ಬಗ್ಗೆ ಕೆಟ್ಟದ್ದನ್ನೇ ಅಂದುಕೊಂಡಿರುತ್ತಾರೆ! ಅದಕ್ಕೇ ಮಾರ್ಗಸೂಚಿಯೇ ಎಚ್ಚರಿಸುತ್ತದೆ. ಸರಿಯಾದ ಸಾಕ್ಷಿಯಿಲ್ಲದೆ ಇನ್ನೊಬ್ಬರ ಮೇಲೆ ಈ ಆರೋಪ ಹೊರಿಸಬೇಡಿ ಅನ್ನುತ್ತದೆ. ಕಣ್ಣೆದುರಿಗೆ ಬೇರೆಯೇ ಪುರಾವೆ ಇರುವಾಗ ಒಳ್ಳೆಯದನ್ನೇ ಅಂದುಕೊಳ್ಳುತ್ತ ಕೂರಬೇಕಾಗಿಲ್ಲ ಅಂತಲೂ ಹೇಳುತ್ತದೆ. ಒಬ್ಬರೇ ನಾಲ್ಕು ಹೆಸರಿನಲ್ಲಿ ಬಂದು ಒಂದೇ ವಾದ ಹೂಡುತ್ತಿದ್ದರೆ ಅದು ಪುರಾವೆ. ನಿಮ್ಮ ಮಾತು ಒಪ್ಪಲಿಲ್ಲ ಅನ್ನುವುದು ಪುರಾವೆಯಲ್ಲ.

ಇನ್ನೊಂದು ಬಗೆಯ ಸಂಪಾದಕರು (ವಿಕಿಪೀಡಿಯದಲ್ಲಿ ಬರೆಯುವ, ತಿದ್ದುವ ಎಲ್ಲರಿಗೂ ಇದೇ ಹೆಸರು) ಇದ್ದಾರೆ. ಇವರು ದನಿಯೇ ಏರಿಸುವುದಿಲ್ಲ. ‘ದಯವಿಟ್ಟು’ ಬಿಟ್ಟು ಮಾತಾಡುವುದಿಲ್ಲ. ಆದರೆ ಲೇಖನವನ್ನು ತಮಗೆ ಬೇಕಾದ ಕಡೆಗೆ ದಿನಕ್ಕೊಂದು ಪದದಂತೆ ತಳ್ಳುತ್ತಲೇ ಇರುತ್ತಾರೆ. ಉತ್ತರ ಕೊಟ್ಟ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾರೆ. ತಿಂಗಳುಗಟ್ಟಲೆ ಹೀಗೆ ಎಳೆದಾಡಿದ ಮೇಲೆ, ಆಧಾರ ಹಿಡಿದು ವಾದಿಸುತ್ತಿದ್ದವರು ಒಂದು ದಿನ ಸಹನೆ ಕಳೆದುಕೊಂಡು ಕೂಗಾಡುತ್ತಾರೆ. ತಡೆ ಬೀಳುವುದು ಕೂಗಾಡಿದವರ ಮೇಲೆ. ವಿಕಿಪೀಡಿಯದವರಿಗೆ ಇದು ಹಳೆಯ ತಲೆನೋವು. ಕನ್ನಡದಲ್ಲಂತೂ ಇದು ಇನ್ನೂ ಸುಲಭ. ‘ತಾವು ದೊಡ್ಡವರು, ತಮಗೆ ತಿಳಿಯದ್ದೇನಿದೆ’ ಅಂದರೆ ಯಾವ ನಿಯಮದ ಬಲೆಗೂ ಸಿಗುವುದಿಲ್ಲ, ಆದರೆ ಚುಚ್ಚಬೇಕಾದವರಿಗೆ ಚುಚ್ಚುತ್ತದೆ. ಬೈಗುಳವನ್ನು ತೋರಿಸಿ ‘ಇದು ತಪ್ಪು’ ಅನ್ನಬಹುದು. ಇಂಥದ್ದನ್ನು ತೋರಿಸಲು ಆರು ತಿಂಗಳ ಇತಿಹಾಸ ತೆರೆದು ಕೂರಬೇಕು.

ಮಾತಿನಲ್ಲಿ ಮುಗಿಯದಿದ್ದರೆ ಮುಂದೇನು? ಮೂರನೆಯವರ ಅಭಿಪ್ರಾಯ ಕೇಳಬಹುದು. ಎಲ್ಲರನ್ನೂ ಕರೆದು ಚರ್ಚೆಗಿಡಬಹುದು, ಅದು ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಕೊನೆಯ ಮೆಟ್ಟಿಲು ‘ಆರ್ಬಿಟ್ರೇಷನ್ ಕಮಿಟಿ’. 2004ರ ಆರಂಭದಿಂದ ಕೆಲಸ ಮಾಡುತ್ತಿರುವ ಈ ಪಂಚಾಯಿತಿಯ ಸದಸ್ಯರನ್ನು ಸಂಪಾದಕರೇ ಆರಿಸುತ್ತಾರೆ. ಇದು ನಡವಳಿಕೆಯನ್ನು ಮಾತ್ರ ವಿಚಾರಿಸುತ್ತದೆ. ಬ್ಯಾಂಗಲೋರೋ ಬೆಂಗಳೂರೋ ಅನ್ನುವುದನ್ನು ತೀರ್ಮಾನಿಸುವುದಿಲ್ಲ.

ನಡವಳಿಕೆಯನ್ನು ವಿಚಾರಿಸುವ ಹಕ್ಕು ಯಾರದ್ದು ಅನ್ನುವುದಕ್ಕೂ ಜಗಳವಾಗಿದೆ. 2019ರ ಜೂನ್‌ನಲ್ಲಿ, ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ ಇಂಗ್ಲಿಷ್ ವಿಕಿಪೀಡಿಯದ ಹಳೆಯ ನಿರ್ವಾಹಕರೊಬ್ಬರನ್ನು ಒಂದು ವರ್ಷ ಹೊರಗಿಟ್ಟಿತು. ದೂರು ಕೊಟ್ಟವರ ರಕ್ಷಣೆಗೆಂದು ವಿವರಗಳನ್ನು ಗುಟ್ಟಾಗಿಟ್ಟಿತು. ಸಮುದಾಯ ಸಿಡಿದೆದ್ದಿತು. ‘ನಮ್ಮ ಕಮಿಟಿ ಇರುವಾಗ ನೀವು ಯಾರು’ ಅನ್ನುವುದು ಅವರ ತಕರಾರು. ಹಲವು ನಿರ್ವಾಹಕರು ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಕಮಿಟಿ ನಿಷೇಧವನ್ನು ತೆಗೆದುಹಾಕಿತು, ಆದರೆ ಆ ವ್ಯಕ್ತಿಯ ನಿರ್ವಾಹಕ ಹಕ್ಕನ್ನು ಮರಳಿಸಲಿಲ್ಲ. ಇಬ್ಬರ ಮಾತಲ್ಲೂ ಹುರುಳಿದೆ ಅಂತ ನನಗೆ ಅನ್ನಿಸುತ್ತದೆ. ಎದುರಿಗೆ ನಿಂತು ದೂರು ಕೊಡಲು ಹೆದರುವವರು ಇರುತ್ತಾರೆ. ಹಾಗೆಯೇ, ತನ್ನ ಮೇಲಿನ ದೂರು ಏನೆಂದೇ ಪೂರ್ತಿ ತಿಳಿಯದವರು ಉತ್ತರ ಕೊಡುವುದು ಹೇಗೆ?

2021ರ ಫೆಬ್ರವರಿಯಲ್ಲಿ ಫೌಂಡೇಶನ್ ಎಲ್ಲ ವಿಕಿಗಳಿಗೂ ಒಂದೇ ನಡವಳಿಕೆಯ ಸಂಹಿತೆ ಪ್ರಕಟಿಸಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೂ ಅದು ಅನ್ವಯಿಸುತ್ತದೆ. ಎಲ್ಲರೂ ಕೂಡಿ ಮಾತಾಡುವ ಜಾಗಕ್ಕೆ ನಮ್ಮವರು ‘ಅರಳಿ ಕಟ್ಟೆ’ ಅಂತ ಹೆಸರಿಟ್ಟಿದ್ದಾರೆ. ಸಂಪಾದಕರು ಕಡಿಮೆ, ಹಾಗಾಗಿ ಜಗಳವೂ ಇಂಗ್ಲಿಷಿನಷ್ಟಿಲ್ಲ. ಆದರೆ ಒಬ್ಬರು ಬೇಸತ್ತು ಹೋದರೆ ಇಲ್ಲಿ ಬೀಳುವ ಪೆಟ್ಟು ದೊಡ್ಡದು. ಹೊಸಬರು ಮೊದಲ ಲೇಖನ ಬರೆದಾಗ ಆಧಾರ ಇರುವುದಿಲ್ಲ, ಹೊಗಳಿಕೆ ಜಾಸ್ತಿ ಇರುತ್ತದೆ. ಅದನ್ನು ಅಳಿಸಲೇಬೇಕಾಗಬಹುದು. ಅಳಿಸುವಾಗ ಕೆಳಗೆ ಸಾರಾಂಶ ಬರೆಯಲು ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರಲ್ಲಿ ‘ಜಾಹೀರಾತು ಬೇಡ’ ಅಂತಲೂ ಬರೆಯಬಹುದು. ‘ಈ ಸಾಲಿಗೆ ಆಧಾರ ಸಿಗಲಿಲ್ಲ, ನಿಮ್ಮ ಹತ್ತಿರ ಪುಸ್ತಕವೋ ಪತ್ರಿಕೆಯೋ ಇದ್ದರೆ ಅದರ ಹೆಸರಿನ ಜೊತೆ ಮತ್ತೆ ಸೇರಿಸಿ’ ಅಂತಲೂ ಬರೆಯಬಹುದು. ಎರಡನೆಯದನ್ನು ಬರೆಯಲು ಅರ್ಧ ನಿಮಿಷ ಹೆಚ್ಚು ಬೇಕು.